ಖಾನ್ ಅಂದರೆ ಯಾರು?

ಮಕ್ಕಳೇ, ಹೋದ ಭಾನುವಾರ ಸಿರುಗುಪ್ಪದಿಂದ ಬಂದ ಮೊಮ್ಮಗ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಅವನ ಗೆಳೆಯನ ಹೆಸರಿನ ಕೊನೆಗೆ ಖಾನ್ ಇದೆ. "ಚಂಗೀಸ್ ಖಾನ್ ನಿಮ್ಮ ತಾತನೇನೋ?" ಎಂದು ತರಗತಿಯಲ್ಲಿ ಯಾರೋ ಅಣಕಿಸಿದರಂತೆ. ಇವನೂ ನಕ್ಕನಂತೆ. ಗೆಳೆಯ ಮಾತು ಬಿಟ್ಟಿದ್ದಾನೆ.

"ತಾತಾ, ಖಾನ್ ಅಂದ್ರೆ ಏನು?"

"ಬಿರುದು ಕಣಪ್ಪಾ. ತುರ್ಕರು, ಮಂಗೋಲರು ತಮ್ಮ ಒಡೆಯನನ್ನು ಹಾಗೆ ಕರೆಯುತ್ತಿದ್ದರು. 1206ರಲ್ಲಿ ಮಂಗೋಲ ಬುಡಕಟ್ಟುಗಳೆಲ್ಲ ಸೇರಿ ತೆಮುಜಿನ್ ಎಂಬವನನ್ನು ಚಂಗೀಸ್ ಖಾನ್ ಎಂದವು. ಅವನು ಮುಸಲ್ಮಾನನಲ್ಲ; ಆಕಾಶವನ್ನು ಪೂಜಿಸುತ್ತಿದ್ದವನು. ನಾವು ಹೇಳುವ 'ಬಹದ್ದೂರ್' ಕೂಡ ಅದೇ ಸೀಮೆಯಿಂದ ಬಂದ ಮಾತು. ವೀರ ಎಂದರ್ಥ. ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್ ಅಂದರೆ ಕೆಂಪು ವೀರ! ನಮ್ಮ ಬಳ್ಳಾರಿ ಕೋಟೆ ಗೆದ್ದವನು ಹೈದರ್ ಅಲಿ ಖಾನ್ ಬಹದ್ದೂರ್. ಬ್ರಿಟಿಷರು ಹಿಂದೂಗಳಿಗೆ ರಾವ್ ಬಹದ್ದೂರ್, ಮುಸಲ್ಮಾನರಿಗೆ ಖಾನ್ ಬಹದ್ದೂರ್ ಬಿರುದು ಕೊಟ್ಟರು."

"ನಮ್ಮ ಕಡೆ ಬಿರುದು ಇರಲಿಲ್ವಾ?"

"ಕುರುಗೋಡನ್ನು ಆಳಿದ ಸಿಂದರು ಮಹಾಮಂಡಲೇಶ್ವರರು. ಬಳ್ಳಾರಿಯ ಪಾಳೆಯಗಾರರು ನಾಯಕರು. ನಿನ್ನ ಹೆಸರಿನ ಕೊನೆಗೂ ನಾಯಕ ಇದೆಯಲ್ಲ!"

ಬ್ಯಾಂಕಿನ ಲೆಡ್ಜರಿನಲ್ಲಿ ನಾನು ನೂರಾರು ನಾಯಕರನ್ನೂ ಖಾನರನ್ನೂ ಬರೆದಿದ್ದೇನೆ. ಕೆಲವರ ಖಾತೆಯಲ್ಲಿ ಐವತ್ತು ರೂಪಾಯಿಯೂ ಇರುತ್ತಿರಲಿಲ್ಲ. ರಾಜ್ಯ ಹೋಯಿತು, ಬಿರುದು ಹೆಸರಾಗಿ ಉಳಿಯಿತು, ಅಷ್ಟೇ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾಳೆ ಅವನಿಗೆ ಈ ಕಥೆ ಹೇಳ್ತೀನಿ ತಾತಾ."

"ಅದಕ್ಕೂ ಮೊದಲು?"

"ತಪ್ಪಾಯ್ತು ಅಂತೀನಿ."

ಭಲೇ ಬಹದ್ದೂರ್!

ನಿಮ್ಮ ಮನೆತನದ ಹೆಸರು ಎಲ್ಲಿಂದ ಬಂತು? ಇವತ್ತೇ ಅಜ್ಜ ಅಜ್ಜಿಯರನ್ನು ಕೇಳಿ.