ಮೂಗು ಭಾರವೋ, ಬಾಲ ಭಾರವೋ?

ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಮನೆಯಲ್ಲಿದ್ದರೆ, ರಜೆ ಬಂದೊಡನೆ ಒಂದು ಮೂಲೆಯಲ್ಲಿ ಫೋಮ್ ಶೀಟಿನ ಚೂರು, ಬ್ಲೇಡು, ಅಂಟಿನ ಡಬ್ಬಿ ಹರಡಿಕೊಳ್ಳುವುದನ್ನು ನೀವೂ ಕಂಡಿರಬಹುದು. ನನ್ನ ಅಕ್ಕನ ಮಗನದೂ ಅದೇ ಕತೆ. ಇಪ್ಪತ್ತು ದಿನ ಕುಳಿತು ಫೋಮಿನಲ್ಲಿ ರಿಮೋಟ್ ವಿಮಾನವೊಂದನ್ನು ಮಾಡಿದ. ಮೋಟಾರು, ಬ್ಯಾಟರಿಗೆಂದು ಎರಡು ಈದ್‌ಗಳಲ್ಲಿ ಹಿರಿಯರು ಕೊಟ್ಟ ಹಣವನ್ನೆಲ್ಲ ಕೂಡಿಟ್ಟಿದ್ದ.

ಒಂದು ಬೆಳಿಗ್ಗೆ ಮೈದಾನಕ್ಕೆ ಹೋದೆವು. ಕೈಬಿಟ್ಟದ್ದೇ ತಡ, ವಿಮಾನ ಮೂಗನ್ನು ಆಕಾಶಕ್ಕೆತ್ತಿತು. ಒಂದು ಗಳಿಗೆ ಗಾಳಿಯಲ್ಲಿ ನಿಂತಂತಾಯಿತು. ಮರುಕ್ಷಣ ಪಕ್ಕಕ್ಕೆ ವಾಲಿ ನೆಲಕ್ಕಪ್ಪಳಿಸಿತು. ಇಪ್ಪತ್ತು ದಿನದ ದುಡಿಮೆಗೆ ಮೂರು ಸೆಕೆಂಡಿನ ಹಾರಾಟ! "ಮೋಟಾರಿಗೆ ಶಕ್ತಿ ಸಾಲದು ಮಾಮಾ" ಎಂದ, ಕಣ್ಣೊರೆಸಿಕೊಳ್ಳುತ್ತಾ. "ಇನ್ನು ಈ ಕಸ ಮನೆಯೊಳಗೆ ಬೇಡ" ಎಂದಳು ಅಕ್ಕ.

ಸಂಜೆ ಮುರಿದದ್ದನ್ನೆಲ್ಲ ಅಂಟಿಸಿ, ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ವಿಮಾನವನ್ನು ಎತ್ತಿ ನೋಡಿದೆವು. ಬಾಲ ದೊಪ್ಪನೆ ಕೆಳಗೆ ಬಿತ್ತು. ತಪ್ಪು ಮೋಟಾರಿನದ್ದಾಗಿರಲಿಲ್ಲ. ಜಾಗ ಇದೆಯೆಂದು ಆತ ಬ್ಯಾಟರಿಯನ್ನು ತೀರಾ ಹಿಂದಕ್ಕೆ ಇಟ್ಟಿದ್ದ.

ಒಂದು ವಸ್ತುವಿನ ಇಡೀ ಭಾರ ಯಾವ ಬಿಂದುವಿನಲ್ಲಿ ನೆಲೆಸಿದಂತೆ ವರ್ತಿಸುತ್ತದೆಯೋ ಅದನ್ನು ಗುರುತ್ವ ಕೇಂದ್ರ ಎನ್ನುತ್ತೇವೆ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟವರು ಇನ್ನೊಂದು ಬದಿಗೆ ವಾಲಿ ನಡೆಯುವುದು ಈ ಬಿಂದುವನ್ನು ಕಾಲಿನ ಮೇಲೆ ಉಳಿಸಿಕೊಳ್ಳಲೆಂದೇ. ವಿಮಾನದಲ್ಲಿ ಈ ಬಿಂದು ಸರಿಯಾದ ಜಾಗದಲ್ಲಿದ್ದರೆ, ಗಾಳಿ ಮೂಗನ್ನು ಮೇಲೆತ್ತಿದರೂ ವಿಮಾನ ತಾನಾಗಿಯೇ ಹದಕ್ಕೆ ಬರುತ್ತದೆ. ಅದು ತೀರಾ ಹಿಂದೆ ಸರಿದರೆ, ಎದ್ದ ಮೂಗು ಇನ್ನಷ್ಟು ಏಳುತ್ತದೆ. ವೇಗ ಕುಗ್ಗುತ್ತದೆ, ರೆಕ್ಕೆಗೆ ಭಾರ ಹೊರಲಾಗುವುದಿಲ್ಲ. ನಮ್ಮ ವಿಮಾನ ಬಿದ್ದದ್ದು ಹೀಗೆ. ಇನ್ನು ಮೂಗು ಅತಿ ಭಾರವಾದರೆ ವಿಮಾನ ಕೆಳಮುಖವಾಗಿಯೇ ಎಳೆಯುತ್ತದೆ, ವೇಗವಾಗಿ ಬಂದು ಇಳಿಯುತ್ತದೆ. ಆದರೂ ಎರಡರಲ್ಲಿ ಇದೇ ವಾಸಿ. ಮೂಗು ಭಾರವಾದದ್ದು ಕುಂಟುತ್ತಲಾದರೂ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಎಂಬುದು ಈ ಹವ್ಯಾಸಿಗಳ ಮಾತು.

ಹಾಗಾದರೆ ಸರಿಯಾದ ಜಾಗ ಯಾವುದು? ನೇರವಾದ, ಉದ್ದಕ್ಕೂ ಒಂದೇ ಅಗಲದ ರೆಕ್ಕೆಯಾದರೆ ಲೆಕ್ಕ ಸುಲಭ. ಮುಂದಿನ ಅಂಚಿನಿಂದ ಅಗಲದ ಶೇ. 25ರಿಂದ 30ರಷ್ಟು ಹಿಂದೆ. ಅಗಲ 20 ಸೆಂ.ಮೀ. ಇದ್ದರೆ 5ರಿಂದ 6 ಸೆಂ.ಮೀ. ಮೊದಲ ಹಾರಾಟಕ್ಕೆ 5 ಸೆಂ.ಮೀ. ಒಳ್ಳೆಯದು. ಎರಡೂ ರೆಕ್ಕೆಗಳ ಕೆಳಗೆ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಬ್ಯಾಟರಿ, ಪ್ರೊಪೆಲ್ಲರ್, ಸರ್ವೋ ಎಲ್ಲವೂ ಸ್ವಸ್ಥಾನದಲ್ಲಿರಲಿ. ಆದರೆ ಬ್ಯಾಟರಿಯ ವೈರನ್ನು ಮಾತ್ರ ಜೋಡಿಸಬೇಡಿ, ತಿರುಗುವ ಪ್ರೊಪೆಲ್ಲರ್ ಬೆರಳನ್ನು ಸೀಳೀತು. ಬಳಿಕ ಗುರುತಿನಲ್ಲಿ ಬೆರಳಿಟ್ಟು ಎತ್ತಿ. ವಿಮಾನ ಸಮತಲವಾಗಿ, ಇಲ್ಲವೇ ಮೂಗು ಕೊಂಚ ಬಾಗಿ ನಿಂತರೆ ಸರಿ. ರೆಕ್ಕೆ ಕೆಳಭಾಗದಲ್ಲಿರುವ ವಿಮಾನವಾದರೆ ತಲೆಕೆಳಗಾಗಿಸಿ ಎತ್ತಿರಿ.

ಬಾಲ ಬಾಗಿದರೆ ಮೂಗಿಗೆ ಸೀಸದ ತುಂಡು ಅಂಟಿಸಲು ಅವಸರಪಡಬೇಡಿ. ಬಾಲದ ಬಳಿ 9 ಗ್ರಾಂನ ಒಂದು ಸರ್ವೋ, ಗುರುತಿನಿಂದ 50 ಸೆಂ.ಮೀ. ಹಿಂದೆ ಇದೆಯೆನ್ನಿ. 15 ಸೆಂ.ಮೀ. ಮುಂದಿರುವ ಮೂಗಿನಲ್ಲಿ ಅದನ್ನು ಸರಿದೂಗಿಸಲು 30 ಗ್ರಾಂ ಸೀಸ ಬೇಕು. ಅದೇ 180 ಗ್ರಾಂ ತೂಗುವ ಬ್ಯಾಟರಿಯನ್ನು ಬರೇ ಎರಡೂವರೆ ಸೆಂ.ಮೀ. ಮುಂದೆ ಸರಿಸಿದರೆ ಸಾಕು, ಅಷ್ಟೇ ಫಲ! ತೂಕ ಒಂದು ಗ್ರಾಮೂ ಹೆಚ್ಚುವುದಿಲ್ಲ. ಆದ್ದರಿಂದ ಬ್ಯಾಟರಿಯ ಜಾಗವನ್ನು ಕೊನೆಗೆ ನಿರ್ಧರಿಸಿ. ಸರಿಹೊಂದಿದ ಮೇಲೆ ಅಲ್ಲಿ ಗೆರೆ ಎಳೆದು, ಅಲುಗದಂತೆ ಪಟ್ಟಿ ಬಿಗಿಯಿರಿ.

ಇದನ್ನು ಮಕ್ಕಳಾಟವೆಂದು ತಿಳಿಯಬೇಡಿ. ಜರ್ಮನಿಯ ಓಟೊ ಲಿಲಿಯೆಂತಾಲ್ ತಾನೇ ಕಟ್ಟಿದ ಗ್ಲೈಡರುಗಳಲ್ಲಿ ನೇತಾಡುತ್ತಾ, ದೇಹವನ್ನು ಹಿಂದೆ ಮುಂದೆ ಸರಿಸಿ ಗುರುತ್ವ ಕೇಂದ್ರವನ್ನು ಬದಲಿಸುತ್ತಾ ಸಾವಿರಾರು ಬಾರಿ ಹಾರಿದವರು. 1896ರ ಆಗಸ್ಟ್ 9ರಂದು ಗ್ಲೈಡರ್ ಮುಗ್ಗರಿಸಿತು. ದೇಹದ ಭಾರ ಸರಿಸಿ ಅದನ್ನು ಹತೋಟಿಗೆ ತರಲು ಅವರಿಂದಾಗಲಿಲ್ಲ. ಮರುದಿನ ಅಸುನೀಗಿದರು. ಇಂದಿಗೂ ಪ್ರಯಾಣಿಕರು, ಸಾಮಾನು, ಇಂಧನದ ತೂಕವನ್ನು ಲೆಕ್ಕ ಹಾಕಿ ಗುರುತ್ವ ಕೇಂದ್ರ ಮಿತಿಯೊಳಗಿದೆಯೆಂದು ಖಚಿತಪಡಿಸಿಕೊಳ್ಳದೆ ವಿಮಾನಗಳು ಹೊರಡುವುದಿಲ್ಲ. ಚಿಕ್ಕ ವಿಮಾನಗಳಲ್ಲಿ ಕೆಲವೊಮ್ಮೆ ಪ್ರಯಾಣಿಕರನ್ನೇ ಬೇರೆ ಸೀಟಿಗೆ ಕೂರಿಸುವುದೂ ಉಂಟು.

ಹೆತ್ತವರಿಗೆ ಎರಡು ಮಾತು. ಈ ಲಿಥಿಯಂ ಬ್ಯಾಟರಿಗಳು ಉಬ್ಬಿದರೆ, ತೂತಾದರೆ ಬೆಂಕಿ ಹಿಡಿಯಬಲ್ಲವು. ಅದಕ್ಕೆಂದೇ ಇರುವ ಚಾರ್ಜರಿನಲ್ಲಿ, ದೊಡ್ಡವರ ಕಣ್ಣೆದುರೇ ಚಾರ್ಜ್ ಆಗಲಿ. ಹಾರಿಸುವುದು ಜನ, ವಿದ್ಯುತ್ ತಂತಿ, ವಿಮಾನ ನಿಲ್ದಾಣಗಳಿಂದ ದೂರವಿರುವ ಬಯಲಿನಲ್ಲೇ ಆಗಲಿ.

ಅಂದಹಾಗೆ, ಅಕ್ಕನ ಮಗ ಬ್ಯಾಟರಿಯನ್ನು ನಾಲ್ಕು ಬೆರಳು ಮುಂದೆ ಸರಿಸಿದ. ಮರುವಾರ ವಿಮಾನ ಮೈದಾನಕ್ಕೆ ಎರಡು ಸುತ್ತು ಹಾಕಿ, ಹುಲ್ಲಿನ ಮೇಲೆ ಹೊಟ್ಟೆಯೂರಿ ಇಳಿಯಿತು. ಈಗ ಆತ ವಿಮಾನ ಹಿಡಿದು ಹೊರಟಾಗಲೆಲ್ಲ ಒಳಗಿನಿಂದ ಅಕ್ಕನ ದನಿ ಕೇಳಿಸುತ್ತದೆ: "ಬೆರಳ ಮೇಲೆ ನಿಲ್ಲಿಸಿ ನೋಡಿದೆಯೇನೋ?"