ಕೊಂಡಿ ಕೂಡ್ಲಿಲ್ಲ ಅಂತ ಕತ್ತರಿ ಎತ್ಬೇಡಿ

ಹೋದ್ಸಲ ಉಪ್ಪಿನಕಾಯಿ ಬೂಸ್ಟು ಹಿಡಿದ ಕತೆ ಬರ್ದಿದ್ದೆ. ಈ ಸಲ ರೈಲಿನ ಕತೆ. ನಗಬೇಡಿ. ಆಟದ ರೈಲೇ ಆದ್ರೂ ನಮ್ಮನೇಲಿ ಎರಡು ದಿನ ಮುಖ ಊದಿಸ್ಕೊಂಡು ಕೂರಂಗೆ ಮಾಡ್ಬುಡ್ತು.

ಇಂಗ್ಲೆಂಡಿನಲ್ಲಿದ್ದ ನಮ್ಮಣ್ಣ ತೀರ್ಕೊಂಡು ಎರಡು ವರ್ಷ ಆಯ್ತು. ನಾವು ಸಣ್ಣೋರಾಗಿದ್ದಾಗ ಗಂಜಾಂನಿಂದ ನಡ್ಕೊಂಡು ಹೋಗಿ, ಕೋಟೆ ತಾವ ಹಳಿ ಪಕ್ಕ ನಿಂತ್ಕೊಂಡು ಗೂಡ್ಸ್ ಗಾಡಿ ಡಬ್ಬಿ ಎಣಿಸ್ತಿದ್ವು. ಆ ಹುಚ್ಚು ಅವನಿಗೆ ಕೊನೇತನಕ ಬಿಡ್ಲಿಲ್ಲ. ಅತ್ತಿಗೆ ಬಂದಾಗ ಅವನ ಸಾಮಾನು ಒಂದು ಪೆಟ್ಟಿಗೇಲಿ ತಂದುಕೊಟ್ರು. ಒಂದು ಹಸಿರು ಇಂಜಿನ್ನು, ಒಂದಷ್ಟು ಹಳಿ, ಕರೆಂಟ್ ಕೊಡೋ ಡಬ್ಬ, ಗಾಲಿ ಮುರಿದ ಒಂದು ವ್ಯಾಗನ್ನು. ಅಷ್ಟೇ.

ಈ ಜೂನ್‌ನಲ್ಲಿ ಅಮೆರಿಕದಿಂದ ಮಗಳು, ಅಳಿಯ, ಮೊಮ್ಮಗ ಬಂದ್ರು. ಅಜ್ಜಿ ಮನೇಲಿ ಇಂಜಿನ್ ಅದಲ್ಲ ಅಂತ ಹುಡುಗ ತನ್ನ ಏಳು ಗೂಡ್ಸ್ ಡಬ್ಬಿ ಬಟ್ಟೆ ಮಧ್ಯ ಸುತ್ಕೊಂಡು ತಂದಿದ್ದ. ಹಾಲ್‌ನಲ್ಲಿ ಹಳಿ ಜೋಡಿಸಿ ಮಡಗಿದ್ವು. ಡಬ್ಬಿಗಳು ಹಳಿ ಮೇಲೆ ಚೆಂದಾಗಿ ಕುಂತ್ಕೊಂಡ್ವು. ಇಂಗ್ಲೆಂಡಿನ ಆಟದ ರೈಲು 76ರಲ್ಲಿ ಒಂದು ಪಾಲು, ಅಮೆರಿಕದ್ದು 87ರಲ್ಲಿ ಒಂದು ಪಾಲು ಅಂತೆ. ಆದ್ರೂ ಎರಡಕ್ಕೂ ಹಳಿ ಅಗಲ ಒಂದೇ, 16.5 ಮಿಲಿಮೀಟರ್. ಸ್ವಿಚ್ ಒತ್ತಿದ್ರೆ ಇಂಜಿನ್ನು ಒಂದೇ ಹೊಂಟೋಯ್ತು. ಡಬ್ಬಿಗಳು ನಿಂತಲ್ಲೇ ನಿಂತ್ವು.

ಯಾಕೆ ಅಂದ್ರೆ ಕೊಂಡಿ ಬೇರೆ ಬೇರೆ. ಅಣ್ಣನ ಇಂಜಿನ್ನಿಗೆ ಅಡ್ಡಕ್ಕೆ ಒಂದು ಪಟ್ಟಿ, ಅದರ ಮೇಲೆ ಎದ್ದು ಬೀಳೋ ಒಂದು ಕೊಕ್ಕೆ. ಎದುರಿನ ಡಬ್ಬಿಗೂ ಹಂಗೇ ಇದ್ರೆ ಇದರ ಕೊಕ್ಕೆ ಅದರ ಪಟ್ಟಿ ಹಿಡಿತದೆ. ಇದಕ್ಕೆ ಟೆನ್ಶನ್ ಲಾಕ್ ಅಂತಾರೆ. ಹುಡುಗನ ಡಬ್ಬಿಗಳಿಗೆ ಇರೋದು ನಕಲ್ ಕೊಂಡಿ. ನಕಲ್ ಅಂದ್ರೆ ನಕಲಿ ಅಲ್ಲ ಕನ್ರವ್ವ, ಬೆಟ್ಟಿನ ಗಿಣ್ಣಿಗೆ ಇಂಗ್ಲಿಷಲ್ಲಿ ಹಂಗಂತಾರೆ. ಎರಡು ಕೈಯಿನ ಬೆಟ್ಟು ಮಡಚಿ ಒಂದಕ್ಕೊಂದು ಸಿಗಾಕಿ ಎಳೀರಿ, ಅದೇ ನಕಲ್ ಕೊಂಡಿ. ಕೊಕ್ಕೆ ಹೋಗಿ ಗಿಣ್ಣು ಹಿಡಿ ಅಂದ್ರೆ ಎಲ್ಲಿ ಹಿಡಿತದೆ?

ಮನೇಲಿ ಮೂರು ಮಾತು ಬಂತು. ನಮ್ಮ ಯಜಮಾನ್ರು ದಾರ ಕಟ್ಟಿದ್ರು. ಮುಂದಕ್ಕೆ ಎಳೀತು, ಹಿಂದಕ್ಕೆ ದಬ್ಬಿದಾಗ ದಾರ ಸಡ್ಲ ಆಗಿ ಗಾಲಿಗೆ ಸುತ್ಕೊಂಡು ತಿರುವಲ್ಲಿ ಎಲ್ಲಾ ಉರುಳಿದ್ವು. ಮಗಳು, 'ಒಂದೇ ಕಂಪೆನಿದು ಹೊಸ ಸೆಟ್ ತರಿಸ್ಬುಡಾಣ ಬಿಡವ್ವ' ಅಂದ್ಲು. ಅಳಿಯ, 'ಇಂಜಿನ್ನಿನ ಕೊಕ್ಕೆ ಕತ್ತರಿಸಿ ಗಮ್ ಹಾಕಿ ನಕಲ್ ಅಂಟಿಸಿದ್ರೆ ಹತ್ತು ನಿಮಿಷದ ಕೆಲ್ಸ ಅತ್ತೆ' ಅಂತ ಕಟಿಂಗ್ ಪ್ಲೇಯರ್ ಕೈಗೆ ತಗೊಂಡ್ರು. ನಾನು ಇಂಜಿನ್ ಎತ್ಕೊಂಡು ಬೀರುಗೆ ಮಡಗಿ ಬೀಗ ಹಾಕ್ದೆ. ಆಗ್ಲೇ ಮುಖ ಊದಿದ್ದು.

ನನ್ನ ಅಭಿಪ್ರಾಯ ಆವತ್ತೂ ಇದೇ, ಈವತ್ತೂ ಇದೇ. ಎರಡು ಚೆನ್ನಾಗಿರೋ ಸಾಮಾನು ಒಂದಕ್ಕೊಂದು ಕೂಡ್ಲಿಲ್ಲ ಅಂದ್ರೆ ತಪ್ಪು ಎರಡರಲ್ಲೂ ಇಲ್ಲ. ಒಂದನ್ನ ಕತ್ತರಿಸಿ ಇನ್ನೊಂದಕ್ಕೆ ಒಪ್ಪಿಸೋದಕ್ಕಿಂತ ಮಧ್ಯಕ್ಕೆ ಎರಡೂ ಕೊಂಡಿ ಇರೋದೊಂದನ್ನ ತನ್ನಿ. ಕತ್ತರಿಸಿದ್ದು ಮತ್ತೆ ಬೆಳೆಯಲ್ಲ.

ಇದು ನನ್ನ ತಲೇಲಿ ಹುಟ್ಟಿದ ಬುದ್ಧಿ ಅಲ್ಲ. ನಮ್ಮ ಚಿಕ್ಕಮಾವ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರಾದೋರು. ಭಾನುವಾರ ಊಟಕ್ಕೆ ಬಂದಾಗ ಕೇಳ್ದೆ. ಅವ್ರು ನಕ್ಕು, 'ದೊಡ್ಡ ರೈಲಿಗೂ ಇದೇ ಗೋಳು ಕನವ್ವ' ಅಂದ್ರು. ಹಳೇ ನೀಲಿ ಐಸಿಎಫ್ ಬೋಗಿಗೆ ಎರಡು ಪಕ್ಕದಲ್ಲಿ ದುಂಡನೆ ಬಫರ್, ಮಧ್ಯದಲ್ಲಿ ಕೊಕ್ಕೆ. ಆಳು ಎರಡು ಬೋಗಿ ನಡುವೆ ಇಳಿದು, ಭಾರದ ಬಳೆ ಎತ್ತಿ ಕೊಕ್ಕೆಗೆ ಹಾಕಿ, ಸ್ಕ್ರೂ ತಿರುಗಿಸಿ ಬಿಗಿ ಮಾಡ್ಬೇಕು. ಹೊಸ ಎಲ್‌ಎಚ್‌ಬಿ ಬೋಗಿಗೆ ಬಫರ್ ಇಲ್ಲ, ಮಧ್ಯ ಗಿಣ್ಣು ಕೊಂಡಿ. ಗೂಡ್ಸ್ ಡಬ್ಬಿಗಳಿಗೆ ಅದಕ್ಕೂ ಮೊದಲಿಂದ್ಲೇ ಗಿಣ್ಣು ಕೊಂಡಿ ಬಂದಿತ್ತು. ಹಂಗಂತ ರೈಲ್ವೆಯೋರು ಒಂದೇ ದಿನಕ್ಕೆ ನೀಲಿ ಬೋಗಿ ಎಲ್ಲಾ ಗುಜರಿಗೆ ಹಾಕಿದ್ರಾ? ಇಲ್ಲ. ಹಳೇ ನಮೂನೆ ಬೋಗಿ ಮಾಡೋದನ್ನ ಚೆನ್ನೈ ಕಾರ್ಖಾನೆ ನಿಲ್ಲಿಸಿದ್ದೇ 2018ರಲ್ಲಿ. ಅಲ್ಲೀತನಕ ಎರಡೂ ಓಡಬೇಕಲ್ಲ, ಅದಕ್ಕೆ ಇಂಜಿನ್ನಿಗೇ ಎರಡೂ ಹಿಡಿಯೋ ಕೊಂಡಿ ಹಾಕಿದ್ರು. ಗಿಣ್ಣೂ ಅದೆ, ಅದಕ್ಕೆ ನೇತಾಕಿದ ಸ್ಕ್ರೂ ಬಳೆನೂ ಅದೆ. ಟೇಷನ್ನಲ್ಲಿ ಇಂಜಿನ್ ಮುಂದೆ ಒಸಿ ನಿಂತು ನೋಡಿ, ನಿಮಗೂ ಕಾಣ್ತದೆ.

ಈ ಗಿಣ್ಣು ಕೊಂಡಿ ಕಂಡು ಹಿಡಿದೋನು ಇಂಜಿನಿಯರ್ ಅಲ್ಲ, ಅಮೆರಿಕದ ಎಲಿ ಜಾನಿ ಅನ್ನೋ ಅಂಗಡಿ ಗುಮಾಸ್ತ. ಚಾಕೂಲಿ ಮರ ಕೆತ್ತಿ ಮಾದರಿ ಮಾಡಿ, 1873ರಲ್ಲಿ ಪೇಟೆಂಟ್ ತಗೊಂಡ. ಅದಕ್ಕೆ ಮೊದಲು ಕೈಯಲ್ಲೇ ಸರಳು ಸಿಗಿಸೋಕೆ ಹೋಗಿ ಬೆಟ್ಟು, ಕೈ, ಜೀವ ಕಳ್ಕೊಂಡ ಆಳುಗಳು ಎಷ್ಟೋ. 1893ರಲ್ಲಿ ಅಲ್ಲಿ, ತಾವಾಗೇ ಕೂಡೋ ಕೊಂಡಿ ಹಾಕ್ಲೇಬೇಕು ಅಂತ ಕಾನೂನೇ ಆಯ್ತು. ಕೊಂಡಿ ಅಂದ್ರೆ ಸಣ್ಣ ವಿಷ್ಯ ಅಲ್ಲ.

ದೂರದ್ದು ಯಾಕೆ, ನಮ್ಮೂರದ್ದೇ ನೋಡಿ. ಜೋಡಿ ಹಳಿ ಹಾಕೋಕೆ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂತು. ಒಡೆದಾಕಿದ್ರೆ ಒಂದು ದಿನದ ಕೆಲ್ಸ. ಆದ್ರೆ 2017ರಲ್ಲಿ, ಹತ್ತಿರತ್ತಿರ 1000 ಟನ್ ತೂಕದ ಕಟ್ಟಡವನ್ನ ಇಡಿಯಾಗಿ ಎತ್ತಿ 100 ಮೀಟರಿಗೂ ಆಚೆ ಸರಿಸಿ ಮಡಗಿದ್ರು. ಹಳಿನೂ ಬಂತು, ಕಟ್ಟಡನೂ ಉಳೀತು. ಅಷ್ಟು ದೊಡ್ಡದಕ್ಕೆ ಆದ ತಾಳ್ಮೆ ಅಂಗೈಯಗಲದ ಇಂಜಿನ್ನಿಗೆ ಬೇಡ್ವಾ?

ಇನ್ನು ನಾವು ಮಾಡಿದ್ದು. ಇಂಜಿನ್ ಮುಟ್ಲಿಲ್ಲ. ಹುಡುಗನ ಏಳು ಡಬ್ಬೀಲಿ ಅವನೇ ಆರಿಸಿದ ಒಂದನ್ನ ತಗೊಂಡ್ವು. ಡಬ್ಬಿ ತಳದಲ್ಲಿ ನಕಲ್ ಕೊಂಡಿ ಒಂದು ಪುಟ್ಟ ಗೂಡಲ್ಲಿ ಕೂತಿರ್ತದೆ, ಮುಚ್ಚಳಕ್ಕೆ ಒಂದೇ ಸ್ಕ್ರೂ. ಒಂದು ತುದೀದು ಮಾತ್ರ ಬಿಚ್ಚಿ, ಕೊಂಡಿ, ಎಳ್ಳಿನಷ್ಟು ಸ್ಪ್ರಿಂಗು, ಸ್ಕ್ರೂ ಮೂರನ್ನೂ ಹಳೇ ಕುಂಕುಮದ ಭರಣೀಲಿ ಹಾಕಿ ಮಡಗಿದ್ವು. ಬೇಕಾದಾಗ ವಾಪಸ್ ಹಾಕ್ಬೋದು. ಅಣ್ಣನ ಗಾಲಿ ಮುರಿದ ವ್ಯಾಗನ್ನಿನ ಕೊಕ್ಕೆ ಬಿಚ್ಚಿ ಆ ಜಾಗಕ್ಕೆ ಕೂರಿಸಿದ್ವು. ಈಗ ಆ ಡಬ್ಬಿಗೆ ಮುಂದೆ ಕೊಕ್ಕೆ, ಹಿಂದೆ ಗಿಣ್ಣು. ಮಿಕ್ಕ ಆರು ಡಬ್ಬಿ ಹೆಂಗಿದ್ವೋ ಹಂಗೇ.

ಒಂದೇ ಸಲಕ್ಕೆ ಆಗ್ಲಿಲ್ಲ ಅನ್ನಿ. ಕೊಕ್ಕೆ ಇಂಜಿನ್ನಿನ ಪಟ್ಟಿಗಿಂತ ಒಸಿ ಮೇಲೆ ಬಂತು. ಐಸ್‌ಕ್ರೀಮ್ ಡಬ್ಬಿ ಮುಚ್ಚಳ ಕತ್ತರಿಸಿ ಎರಡು ಪದರ ನಡುವೆ ಕೊಟ್ಟು ಇಳಿಸಿದ್ವು. ಆಕಾರ ನೋಡೋದಲ್ಲ, ಎತ್ತರ ನೋಡ್ಬೇಕು. ನೆಲಕ್ಕೆ ಕೆನ್ನೆ ಊರಿ ಪಕ್ಕದಿಂದ ನೋಡಿದ್ರೇ ಗೊತ್ತಾಗೋದು. ನಕಲ್ ಕೊಂಡಿನೂ ಅಷ್ಟೇ, ಹಳಿ ಮೇಲಿಂದ ಹತ್ತಿರತ್ತಿರ 10 ಮಿಲಿಮೀಟರ್ ಎತ್ತರದಲ್ಲಿ ಇರ್ಬೇಕು. ಒಂದು ಮೇಲೆ ಒಂದು ಕೆಳಗೆ ಆದ್ರೆ ದಾರೀಲಿ ಜಾರಿ ಬಿಡ್ತವೆ. ಆಮೇಲೆ ಅಳಿಯ ಸ್ಕ್ರೂ ಬಿಗಿಯಾಗಿ ತಿರುಗಿಸ್ಬುಟ್ರು, ತಿರುವಲ್ಲಿ ಕೊಂಡಿ ಅಳ್ಳಾಡ್ದೆ ಡಬ್ಬಿ ಹಳಿ ಬಿಡ್ತು. ಅರ್ಧ ಸುತ್ತು ಸಡ್ಲ ಮಾಡಿದ್ವು, ಸರಿ ಹೋಯ್ತು. ಬರೀ ಎಳೆದು ನೋಡಿ ಆಯ್ತು ಅನ್ಬೇಡಿ, ಹಿಂದಕ್ಕೆ ದಬ್ಬಿನೂ ನೋಡಿ.

ಇದರಲ್ಲೂ ಕೊರತೆ ಅದೆ. ಆ ಡಬ್ಬಿ ಯಾವಾಗ್ಲೂ ಇಂಜಿನ್ ಹಿಂದೇನೇ ಇರ್ಬೇಕು, ತಿರುಗಿಸಿ ಮಡಗಂಗಿಲ್ಲ. ಈಗಿನ ಎಷ್ಟೋ ಇಂಜಿನ್ನಿಗೆ ಎನ್‌ಇಎಂ 362 ಅನ್ನೋ ಅಳತೆ ಗೂಡು ಇರ್ತದೆ, ಹಳೇ ಕೊಂಡಿ ಕಿತ್ತು ಬೇಕಾದ ಕೊಂಡಿ ಸಿಗಿಸ್ಬೋದು. ನಿಮ್ಮ ಮಕ್ಕಳ ಇಂಜಿನ್ನಿಗೆ ಆ ಗೂಡು ಇದ್ರೆ ಮಧ್ಯದ ಡಬ್ಬಿ ಬೇಕಾಗಿಲ್ಲ, ಇಂಜಿನ್ನಿಗೇ ನಕಲ್ ಹಾಕಿ. ಮೊದಲು ತಿರುವಿ ತಳ ನೋಡಿ, ಆಮೇಲೆ ಕೈ ಹಾಕಿ. ಅಣ್ಣನ ಇಂಜಿನ್ನು ಹಳೇದು, ಅದಕ್ಕೆ ಗೂಡಿರ್ಲಿಲ್ಲ.

ಹೊಸ ಸೆಟ್ ತಂದಿದ್ರೆ ತಪ್ಪೇನು ಅಂತ ಮಗಳು ಈಗ್ಲೂ ಕೇಳ್ತಾಳೆ. ತಪ್ಪೇನಿಲ್ಲ. ಆದ್ರೆ ಇಂಜಿನ್ನು ಬೀರೂಲೇ ಉಳೀತಿತ್ತು, ಹುಡುಗನಿಗೆ ಇಂಗ್ಲೆಂಡ್ ತಾತ ಅಂದ್ರೆ ಗೋಡೆ ಮೇಲಿನ ಫೋಟೋ ಅಷ್ಟೇ ಆಗ್ತಿದ್ರು.

ಅವ್ರು ಹೊರಡೋ ಹಿಂದಿನ ರಾತ್ರಿ ಊಟ ಆದ್ಮೇಲೆ ಕೊನೇ ಸಲ ಓಡಿಸಿದ್ವು. ಸೋಫಾ ಕೆಳಗಿಂದ ಹಸಿರು ಇಂಜಿನ್ನು ಬಂತು, ಹಿಂದೆ ಮಧ್ಯಸ್ತಿಕೆ ಡಬ್ಬಿ, ಅದರ ಹಿಂದೆ ಮಿಕ್ಕವು. ನನಗೇ ಗೊತ್ತಿಲ್ದಂಗೆ ಬಾಯಲ್ಲಿ ಎಣಿಸ್ತಾ ಇದ್ದೆ. 'ಏಳು ಅಜ್ಜಿ' ಅಂದ ಹುಡುಗ, ನಾನು ಮುಗಿಸೋಕೆ ಮುಂಚೆನೇ.