ದುಃಖಕ್ಕೆ ಜೊತೆಯಾಗುವ ಪುಸ್ತಕಗಳು

ಸಾವೆಂಬ ಮಾತನ್ನು ನೇರವಾಗಿ ಆಡಲು ನಮ್ಮ ನಾಲಗೆ ಹಿಂಜರಿಯುತ್ತದೆ. ‘ತೀರಿಕೊಂಡರು’ ಎನ್ನುತ್ತೇವೆ, ‘ಹೋಗಿಬಿಟ್ಟರು’ ಎನ್ನುತ್ತೇವೆ, ‘ಶಿವನ ಪಾದ ಸೇರಿದರು’, ‘ವೈಕುಂಠವಾಸಿಗಳಾದರು’, ‘ಲಿಂಗೈಕ್ಯರಾದರು’ ಎನ್ನುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ನೋವಿರುವ ಜಾಗವನ್ನು ಮೆಲ್ಲಗೆ ಮುಟ್ಟಬೇಕೆಂಬ ಸೌಜನ್ಯ ಈ ನುಡಿಗಟ್ಟುಗಳಲ್ಲಿದೆ. ಆದರೆ ಇದೇ ಹಿಂಜರಿಕೆ ಬೆಳೆದು, ಕಿರಿಯರ ಮುಂದೆ ಸಾವಿನ ವಿಷಯವನ್ನೇ ಎತ್ತಕೂಡದೆಂಬ ನಿಯಮವಾದರೆ ಅದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಓದುವ ಪುಸ್ತಕಗಳಲ್ಲಿ ಸಾವು ಇರಬಾರದು, ಅಳು ಇರಬಾರದು, ಕಥೆಗಳೆಲ್ಲ ನಗುವಿನಲ್ಲಿಯೇ ಮುಗಿಯಬೇಕು ಎಂದು ವಾದಿಸುವ ಹಿರಿಯರು ಹಲವರಿದ್ದಾರೆ. ಅವರ ಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಅವರ ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ಅವರ ವಾದವೇನು? ಎಳೆಯ ಮನಸ್ಸು ಮೃದುವಾದದ್ದು. ಸಾವಿನ ಕಥೆ ಓದಿದರೆ ಅದರಲ್ಲಿ ಅಂಜಿಕೆ ಬೇರೂರುತ್ತದೆ. ಬದುಕಿನ ಉತ್ಸಾಹ ಕುಂದುತ್ತದೆ. ವಯಸ್ಸು ಬಂದಾಗ ಎಲ್ಲವೂ ತಾನಾಗಿಯೇ ತಿಳಿಯುತ್ತದೆ. ಈ ವಾದದೊಳಗೆ ಒಂದು ಊಹೆ ಅಡಗಿದೆ. ವಯಸ್ಸು ಬರುವವರೆಗೆ ಸಾವು ಕಾದಿರುತ್ತದೆ ಎಂಬುದೇ ಆ ಊಹೆ. ಅದು ಕಾಯುವುದಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದ ನಾನು, ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡು ಶಾಲೆಗೆ ಮರಳಿದ ಮಕ್ಕಳನ್ನು ಹೆಚ್ಚುಕಡಿಮೆ ಪ್ರತಿ ವರ್ಷವೂ ಕಂಡಿದ್ದೇನೆ. ತಲೆ ಬೋಳಿಸಿಕೊಂಡು ಬಂದ ಹುಡುಗನ ಪಕ್ಕದಲ್ಲಿ ಕೂರಲು ಅವನ ಗೆಳೆಯರೇ ಹಿಂಜರಿಯುತ್ತಿದ್ದರು. ಅವರು ನಿರ್ದಯರಾಗಿರಲಿಲ್ಲ. ಏನು ಮಾತನಾಡಬೇಕೆಂದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಹಿಂದಿನ ಕಾಲದಲ್ಲಿ ಈ ಕಲಿಕೆ ಮನೆಯಲ್ಲಿಯೇ ನಡೆಯುತ್ತಿತ್ತು. ಅಜ್ಜ ನಡುಮನೆಯಲ್ಲಿ ಮಲಗಿ, ಮಕ್ಕಳು ಮೊಮ್ಮಕ್ಕಳು ಸುತ್ತ ಕುಳಿತಿರುವಾಗ ಕಣ್ಣು ಮುಚ್ಚುತ್ತಿದ್ದ. ಸಾವಿನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ನೆರೆಯವರು ಅನ್ನ ಸಾರು ತಂದು ಬಡಿಸಿ, ಒತ್ತಾಯ ಮಾಡಿ ಉಣಿಸುತ್ತಿದ್ದರು. ಹೆಂಗಸರು ಸತ್ತವರ ಗುಣಗಳನ್ನು ಹೇಳಿಕೊಂಡು ಹಾಡಿ ಅಳುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ಮಿನ ದಿನಗಳಂದು ಕರ್ಬಲಾದ ದುಃಖವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಡುವ ಸಂಪ್ರದಾಯ ಇಂದಿಗೂ ಇದೆ. ಹೀಗೆ ಅಳುವುದಕ್ಕೆ ಒಂದು ಜಾಗವಿತ್ತು, ಒಂದು ರಾಗವಿತ್ತು. ಈಗ ಸಾವು ಹಲವು ವೇಳೆ ಆಸ್ಪತ್ರೆಯ ಮುಚ್ಚಿದ ಕೋಣೆಯಲ್ಲಿ, ಯಂತ್ರಗಳ ನಡುವೆ ಸಂಭವಿಸುತ್ತದೆ. ಅಲ್ಲಿಗೆ ಮಕ್ಕಳಿಗೆ ಪ್ರವೇಶವಿಲ್ಲ. 2020 ಮತ್ತು 2021ರಲ್ಲಿ ಕೊರೋನಾ ಪಿಡುಗು ಹರಡಿದಾಗ ಎಷ್ಟೋ ಮಕ್ಕಳು ಹೆತ್ತವರ ಮುಖವನ್ನು ಕಡೆಯ ಸಲ ನೋಡಲೂ ಆಗಲಿಲ್ಲ. ಮನೆಯೂ ಕೇರಿಯೂ ಹೇಳಿಕೊಡುತ್ತಿದ್ದ ಪಾಠ ಹೀಗೆ ದೂರವಾದಷ್ಟೂ ಪುಸ್ತಕದ ಹೊಣೆ ಹೆಚ್ಚುತ್ತದೆ.

ಪುಸ್ತಕ ಏನನ್ನು ಮಾಡಬಲ್ಲುದು? ಕಿಸಾ ಗೋತಮಿಯ ಕಥೆಯನ್ನು ನೆನೆಯೋಣ. ಬೌದ್ಧ ಸಾಹಿತ್ಯದಲ್ಲಿ ಬರುವ ಈ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಸತ್ತ ಮಗುವನ್ನು ಎದೆಗೆ ಅವಚಿಕೊಂಡು ಮದ್ದು ಬೇಡುತ್ತ ಅಲೆದ ಆ ತಾಯಿಗೆ ಬುದ್ಧನು, ಸಾವು ಕಾಣದ ಮನೆಯಿಂದ ಸಾಸಿವೆ ತರುವಂತೆ ಹೇಳಿದನು. ಸಾಸಿವೆ ಎಲ್ಲ ಮನೆಗಳಲ್ಲಿಯೂ ಇತ್ತು. ಸಾವು ಕಾಣದ ಮನೆ ಒಂದೂ ಇರಲಿಲ್ಲ. ಎಲ್ಲರೂ ಸಾಯುತ್ತಾರೆಂಬ ತತ್ತ್ವವನ್ನು ಈ ಕಥೆ ಬೋಧಿಸುತ್ತದೆಂದು ಸಾಮಾನ್ಯವಾಗಿ ಹೇಳುವುದುಂಟು. ಅದಷ್ಟೇ ಆಗಿದ್ದರೆ ಬುದ್ಧನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆತನು ಅವಳನ್ನು ನಡೆಸಿದನು; ಬಾಗಿಲಿನಿಂದ ಬಾಗಿಲಿಗೆ ಕಳುಹಿಸಿದನು. ಪ್ರತಿಯೊಂದು ಹೊಸ್ತಿಲಿನಲ್ಲಿಯೂ ಯಾರೋ ಒಬ್ಬರು ತಮ್ಮ ಮನೆಯ ಸಾವಿನ ಮಾತನ್ನು ಅವಳಿಗೆ ಹೇಳಿರಬೇಕು. ಕೇಳುತ್ತ ಕೇಳುತ್ತ ಅವಳ ದುಃಖ ಅವಳೊಬ್ಬಳದಾಗಿ ಉಳಿಯಲಿಲ್ಲ. ಸಾವನ್ನು ಕುರಿತ ಒಳ್ಳೆಯ ಪುಸ್ತಕವನ್ನು ಓದುವುದೆಂದರೆ ಗೋತಮಿಯಂತೆ ಮನೆಮನೆಯ ಬಾಗಿಲು ತಟ್ಟುವುದೇ ಆಗಿದೆ. ನಾವು ಕಾಲಿನಿಂದ ಹೋಗಲಾಗದ ಮನೆಗಳಿಗೂ ಪುಸ್ತಕ ನಮ್ಮನ್ನು ಕರೆದೊಯ್ಯುತ್ತದೆ.

ಅಂಥ ಮನೆಗಳಲ್ಲಿ ಒಂದು, ಸಾವಿರ ವರ್ಷಗಳ ಹಿಂದೆ ಕನ್ನಡ ಕವಿಯೊಬ್ಬನು ಕಟ್ಟಿದ್ದು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದುಹೋಗುತ್ತಾನೆ. ಗುರು ದ್ರೋಣ ಬಿದ್ದಿದ್ದಾನೆ. ತಮ್ಮ ದುಶ್ಶಾಸನ ಬಿದ್ದಿದ್ದಾನೆ. ಪ್ರಾಣದ ಗೆಳೆಯ ಕರ್ಣ ಬಿದ್ದಿದ್ದಾನೆ. ಮಗನಾದ ಲಕ್ಷಣಕುಮಾರನನ್ನು ಕಂಡಾಗ, ತಂದೆಗೆ ಮಗ ತರ್ಪಣ ಬಿಡಬೇಕಾದ ಲೋಕದ ಕ್ರಮ ತಲೆಕೆಳಗಾಯಿತೆಂದು ಅವನು ಸಂಕಟಪಡುತ್ತಾನೆ. ಇನ್ನೊಂದು ಸಂದರ್ಭ ಇದಕ್ಕಿಂತಲೂ ದೊಡ್ಡದು. ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು, ಅವನ ಶೌರ್ಯಕ್ಕೆ ದುರ್ಯೋಧನನು ಕೈಮುಗಿಯುತ್ತಾನೆ. ಈ ಭಾಗವನ್ನು ಓದಿದವರು ದುರ್ಯೋಧನನನ್ನು ಕೇವಲ ದುಷ್ಟನೆಂದು ಮತ್ತೆ ಕರೆಯಲಾರರು. ಸಾವು ಹಗೆತನವನ್ನೂ ಕರಗಿಸಬಲ್ಲುದು. ನಮಗೆ ಆಗದವರ ಮನೆಯಲ್ಲಿಯೂ ಅಳುವವರಿರುತ್ತಾರೆ ಎಂಬ ಅರಿವನ್ನು ಯಾವ ನೀತಿಪಾಠವೂ ಇಷ್ಟು ಆಳವಾಗಿ ನಾಟಿಸಲಾರದು.

ದುಃಖದ ಪುಸ್ತಕ ಮಕ್ಕಳನ್ನು ಅಂಜುಬುರುಕರನ್ನಾಗಿ ಮಾಡುವುದೇ? ಈ ಪ್ರಶ್ನೆಗೆ ಉತ್ತರವಾಗಿ ನಾನು ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಮುಂದಿಡುತ್ತೇನೆ. ಠಾಕೂರರು 1902ರಲ್ಲಿ ಹೆಂಡತಿಯನ್ನು, 1903ರಲ್ಲಿ ಮಗಳೊಬ್ಬಳನ್ನು, 1905ರಲ್ಲಿ ತಂದೆಯನ್ನು, 1907ರಲ್ಲಿ ಕಿರಿಯ ಮಗನನ್ನು ಕಳೆದುಕೊಂಡರು. 1912ರಲ್ಲಿ ಈ ನಾಟಕ ಪ್ರಕಟವಾಯಿತು. ಅದರ ನಾಯಕ ಅಮಲ ಎಂಬ ಬಾಲಕ. ಅವನು ಕಾಯಿಲೆಯವನು, ವೈದ್ಯರು ಹೊರಗೆ ಹೋಗಕೂಡದೆಂದಿದ್ದಾರೆ. ಕಿಟಕಿಯ ಬಳಿ ಕುಳಿತು ದಾರಿಹೋಕರನ್ನೆಲ್ಲ ಮಾತನಾಡಿಸುತ್ತಾನೆ: ಮೊಸರು ಮಾರುವವನು, ಕಾವಲುಗಾರ, ಹೂವು ಬಿಡಿಸುವ ಹುಡುಗಿ ಸುಧಾ. ಎದುರಿಗೆ ರಾಜನ ಅಂಚೆಮನೆ ತೆರೆದಿದೆ. ತನಗೂ ರಾಜನ ಕಾಗದ ಬಂದೀತೆಂದು ಕಾಯುತ್ತಾನೆ. ಕೊನೆಗೆ ರಾಜವೈದ್ಯನು ಬಂದು ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ. ಅಮಲ ನಿದ್ದೆ ಹೋಗುತ್ತಾನೆ. ಹೂವು ತಂದ ಸುಧಾ, ತಾನು ಅವನನ್ನು ಮರೆತಿಲ್ಲವೆಂದು ತಿಳಿಸುವಂತೆ ಕೇಳಿಕೊಳ್ಳುತ್ತಾಳೆ. ನಾಟಕ ಅಲ್ಲಿಗೆ ಮುಗಿಯುತ್ತದೆ.

ಈ ನಾಟಕವನ್ನು 1942ರ ಜುಲೈ 18ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಅನಾಥಾಲಯವೊಂದರ ಮಕ್ಕಳು ಆಡಿದರು. ಜರ್ಮನಿಯ ನಾಟ್ಸಿಗಳು ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದ್ದ ಕಾಲವದು. ಹಸಿವು, ರೋಗ, ಬೀದಿಯಲ್ಲಿ ಬಿದ್ದ ಹೆಣಗಳು ಆ ಮಕ್ಕಳ ನಿತ್ಯದ ನೋಟವಾಗಿದ್ದುವು. ಅನಾಥಾಲಯವನ್ನು ನಡೆಸುತ್ತಿದ್ದ ಯಾನುಷ್ ಕೊರ್ಚಾಕ್ ವೈದ್ಯರು, ಮಕ್ಕಳಿಗಾಗಿ ಬರೆಯುತ್ತಿದ್ದ ಲೇಖಕರು. ಸಾವನ್ನು ಶಾಂತವಾಗಿ ಎದುರುಗೊಳ್ಳುವುದನ್ನು ಮಕ್ಕಳು ಅರಿಯಲೆಂದು ಅವರು ಈ ನಾಟಕವನ್ನು ಆರಿಸಿದರೆಂದು ಹೇಳುತ್ತಾರೆ. ಮುಂದಿನ ತಿಂಗಳ ಮೊದಲ ವಾರದಲ್ಲಿಯೇ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾದ ಕೊಲೆಯ ಶಿಬಿರಕ್ಕೆ ಒಯ್ದರು. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೊರ್ಚಾಕರು ಮಕ್ಕಳ ಕೈಬಿಡಲಿಲ್ಲ. ಅವರೊಡನೆಯೇ ಹೋಗಿ ಮಡಿದರು. ಆ ಘೋರವನ್ನು ತಡೆಯುವ ಬಲ ಯಾವ ನಾಟಕಕ್ಕೂ ಇರಲಿಲ್ಲ. ಆದರೆ ಮಕ್ಕಳನ್ನು ಅಷ್ಟು ಪ್ರೀತಿಸಿದ ಆ ಹಿರಿಯರು ಅವರಿಂದ ಸಾವಿನ ವಿಚಾರವನ್ನು ಬಚ್ಚಿಡಲಿಲ್ಲ ಎಂಬುದನ್ನು ನಾವು ಮರೆಯಬಾರದು. ಕಣ್ಣಿಗೆ ಕಾಣುತ್ತಿದ್ದ ಭಯಕ್ಕೆ ಅವರು ಒಂದು ಕಥೆಯನ್ನು, ಒಂದು ಕಿಟಕಿಯನ್ನು ಒದಗಿಸಿದರು.

ಸಾಯುತ್ತಿರುವವರ ಮನಸ್ಸನ್ನು ತೆರೆದು ತೋರುವ ಪುಸ್ತಕಗಳು ಇನ್ನೊಂದು ಬಗೆ. ರಷ್ಯಾದ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚನ ಸಾವು’ ಎಂಬ ಕಿರುಕಾದಂಬರಿಯಲ್ಲಿ ನ್ಯಾಯಾಧಿಕಾರಿಯೊಬ್ಬನು ಹಾಸಿಗೆ ಹಿಡಿದಿದ್ದಾನೆ. ಮನೆಯವರೂ ವೈದ್ಯರೂ ಅವನಿಗೆ ಸಣ್ಣ ಕಾಯಿಲೆಯೆಂಬಂತೆ ನಟಿಸುತ್ತಾರೆ. ನೋವಿಗಿಂತಲೂ ಈ ನಟನೆಯೇ ಅವನನ್ನು ಹೆಚ್ಚು ಹಿಂಸಿಸುತ್ತದೆ. ಗೆರಾಸಿಮ್ ಎಂಬ ಹಳ್ಳಿಯ ಆಳು ಒಬ್ಬನೇ ನಟಿಸುವುದಿಲ್ಲ. ರೋಗಿಯ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕುಳಿತಿರುತ್ತಾನೆ. ಸುಮಾರು ಎಂಬತ್ತು ವರ್ಷಗಳ ಅನಂತರ, ಅಮೆರಿಕದ ಷಿಕಾಗೋದಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ ಸಾಯುವ ಸ್ಥಿತಿಯಲ್ಲಿದ್ದ ರೋಗಿಗಳ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಕೇಳಿ 1969ರಲ್ಲಿ ಒಂದು ಪುಸ್ತಕ ಬರೆದರು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಮನಃಸ್ಥಿತಿಗಳನ್ನು ಅವರು ಗುರುತಿಸಿದರು. ಜನರು ಇವನ್ನು ಏಣಿಯ ಮೆಟ್ಟಿಲುಗಳೆಂದು ತಿಳಿದು, ದುಃಖಿಗಳೆಲ್ಲರೂ ಇದೇ ಕ್ರಮದಲ್ಲಿ ಏರಬೇಕೆಂದು ಭಾವಿಸಿದರು. ದುಃಖಕ್ಕೆ ಅಂಥ ಕಟ್ಟುನಿಟ್ಟಾದ ಕ್ರಮವಿಲ್ಲವೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಆದರೂ ಸಾಯುವವರಿಗೆ ಹೇಳುವ ಮಾತಿರುತ್ತದೆ, ಅದನ್ನು ಕೇಳುವವರು ಬೇಕು ಎಂಬ ಆ ಪುಸ್ತಕದ ಮೂಲ ಮಾತು ಇಂದಿಗೂ ಸವೆದಿಲ್ಲ. ಗೆರಾಸಿಮ್ ಅದನ್ನು ಶಾಸ್ತ್ರ ಓದದೆಯೇ ಬಲ್ಲವನಾಗಿದ್ದ.

ಹಾಗೆಂದು ಸಾವನ್ನು ಕುರಿತ ಪುಸ್ತಕಗಳೆಲ್ಲವೂ ಒಳ್ಳೆಯವೆಂದು ನಾನು ಹೇಳುವುದಿಲ್ಲ. ಕಣ್ಣೀರನ್ನು ಹಿಂಡುವುದಕ್ಕಾಗಿಯೇ ಬರೆದ ಪುಸ್ತಕಗಳಿವೆ. ದುಃಖ ಆರಂಭವಾಗುವ ಮೊದಲೇ ಸಮಾಧಾನ ಹೇಳಲು ಅವಸರಪಡುವ ಪುಸ್ತಕಗಳೂ ಇವೆ. ‘ಎಲ್ಲ ಒಳ್ಳೆಯದಕ್ಕೇ ಆಯಿತು’ ಎಂದು ಹೇಳುವ ಪುಸ್ತಕವನ್ನು ತಾಯಿ ಸತ್ತ ಮಗುವಿನ ಕೈಗೆ ಕೊಡುವುದು ಕ್ರೌರ್ಯ. ಉತ್ತಮ ಲೇಖಕರು ಹಾಗೆ ಮಾಡಲಿಲ್ಲ. ಮಗುವನ್ನು ಕಳೆದುಕೊಂಡ ಸಂದರ್ಭದಲ್ಲಿ ಬೇಂದ್ರೆಯವರು ಬರೆದ ಪ್ರಸಿದ್ಧ ಕವಿತೆಯಲ್ಲಿ ಗಂಡನು ಹೆಂಡತಿಗೆ ತತ್ತ್ವ ಹೇಳುವುದಿಲ್ಲ. ಅವಳ ನೋಟವನ್ನು ತಾನು ತಾಳಲಾರೆನೆಂದು ಒಪ್ಪಿಕೊಳ್ಳುತ್ತಾನೆ. ಎಸ್. ಎಲ್. ಭೈರಪ್ಪನವರು ಎಳೆವಯಸ್ಸಿನಲ್ಲಿಯೇ ಪ್ಲೇಗಿನಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. 1970ರಲ್ಲಿ ಬಂದ ಅವರ ‘ಗೃಹಭಂಗ’ದಲ್ಲಿ ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ನಡೆಸುವ ನಂಜಮ್ಮ, ಬೆಳೆದ ಮಗಳನ್ನೂ ಮಗನನ್ನೂ ಪ್ಲೇಗಿಗೆ ಒಪ್ಪಿಸಬೇಕಾಗುತ್ತದೆ. ಲೇಖಕರು ಅಲ್ಲಿ ದನಿ ಏರಿಸುವುದಿಲ್ಲ, ಸಾಂತ್ವನವನ್ನೂ ಹೇಳುವುದಿಲ್ಲ. ನಡೆದುದನ್ನು ನಡೆದಂತೆ ಬರೆಯುತ್ತಾರೆ. ಆ ಸತ್ಯವೇ ಓದುಗನಿಗೆ ಆಸರೆಯಾಗುತ್ತದೆ. ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಕಾದಂಬರಿಯಲ್ಲಿ ನಿರೂಪಕನು ತೀರಿಹೋದ ಯಶವಂತರಾಯರ ದಿನಚರಿಯ ಪುಟಗಳನ್ನು ಹಿಡಿದು ಅವರ ಬಂಧುಗಳನ್ನು ಹುಡುಕಿಕೊಂಡು ಹೋಗುತ್ತಾನೆ. ಒಬ್ಬನು ಅಳಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆ, ಬದುಕಿರುವಾಗ ನಾವು ಹೇಗೆ ಬಾಳಬೇಕೆಂಬ ಪ್ರಶ್ನೆಯಾಗಿ ಅಲ್ಲಿ ತಿರುಗುತ್ತದೆ.

ಸಾವಿನ ಕಥೆ ಬದುಕಿನ ಉತ್ಸಾಹವನ್ನು ಕುಂದಿಸುತ್ತದೆ ಎಂದವರಿಗೆ ಇದೇ ಉತ್ತರ. ಅಮಲನ ಕಥೆ ಓದಿದ ಹುಡುಗಿಗೆ ಬೀದಿಯಲ್ಲಿ ಮೊಸರು ಮಾರುವವನ ಕೂಗು ಹೊಸದಾಗಿ ಕೇಳಿಸುತ್ತದೆ. ನಂಜಮ್ಮನ ಕಥೆ ಓದಿದ ಹುಡುಗನು ಶಾಲೆಯಿಂದ ಮನೆಗೆ ಬಂದಾಗ ತಾಯಿಯ ಮುಖವನ್ನು ಒಂದು ಗಳಿಗೆ ಹೆಚ್ಚು ಹೊತ್ತು ನೋಡುತ್ತಾನೆ. ಇದು ಅಂಜಿಕೆಯಲ್ಲ, ಇರುವುದರ ಬೆಲೆಯನ್ನು ಅರಿಯುವುದು.

ಪುಸ್ತಕಕ್ಕೂ ಒಂದು ಮಿತಿಯಿದೆ. ಅದು ಬೆನ್ನು ಸವರಲಾರದು. ಅನ್ನ ತಂದು ಬಡಿಸಲಾರದು. ತೀರ ಹತ್ತಿರದವರನ್ನು ಕಳೆದುಕೊಂಡು, ವಾರಗಳು ತಿಂಗಳುಗಳು ಕಳೆದರೂ ಊಟ ನಿದ್ದೆ ಓದು ಯಾವುದೂ ಬೇಡವಾದವರು ಪುಸ್ತಕವನ್ನಷ್ಟೇ ನಂಬಿ ಒಂಟಿಯಾಗಿ ಕೂರಬಾರದು. ಮನೆಯ ಹಿರಿಯರೊಡನೆಯೋ ನೆಚ್ಚಿನ ಅಧ್ಯಾಪಕರೊಡನೆಯೋ ವೈದ್ಯರೊಡನೆಯೋ ಮನಸ್ಸು ಬಿಚ್ಚಿ ಮಾತನಾಡಬೇಕು. ಅದು ದುರ್ಬಲತೆಯ ಗುರುತಲ್ಲ.

ಶಾಲೆಯ ಪುಸ್ತಕಭಂಡಾರಗಳಲ್ಲಿ ಸಾಹಸದ ಕಥೆಗಳಿರಲಿ, ನಗೆಹನಿಗಳಿರಲಿ, ವಿಜ್ಞಾನದ ಪುಸ್ತಕಗಳಿರಲಿ. ಅವುಗಳ ಪಕ್ಕದಲ್ಲಿ ಇಂಥ ಹತ್ತು ಪುಸ್ತಕಗಳಿಗೂ ಜಾಗವಿರಲಿ ಎಂಬುದು ನನ್ನ ಬಿನ್ನಹ. ಹಿರಿಯರು ಅವನ್ನು ಮಕ್ಕಳಿಂದ ದೂರವಿಡದೆ, ಸಾಧ್ಯವಾದರೆ ಜೊತೆಯಲ್ಲಿ ಕುಳಿತು ಓದಲಿ. ಎಳೆಯ ಗೆಳೆಯರೇ, ನಿಮ್ಮ ತರಗತಿಯ ಗೆಳೆಯನೋ ಗೆಳತಿಯೋ ಮನೆಯಲ್ಲಿ ಸಾವನ್ನು ಕಂಡು ಶಾಲೆಗೆ ಮರಳುವ ದಿನ ಎಂದಾದರೊಮ್ಮೆ ಬರುತ್ತದೆ. ಅಂದು ದೊಡ್ಡ ಮಾತುಗಳನ್ನು ಹುಡುಕಬೇಡಿ. ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ತಪ್ಪಿಹೋದ ಪಾಠಗಳನ್ನು ಬರೆದುಕೊಳ್ಳಲು ನಿಮ್ಮ ಪುಸ್ತಕ ಕೊಡಿ. ಊಟದ ಹೊತ್ತಿನಲ್ಲಿ ಬುತ್ತಿ ಹಂಚಿಕೊಳ್ಳಿ. ಅವರು ತೀರಿಹೋದವರ ಹೆಸರೆತ್ತಿದರೆ ಮಾತು ಬದಲಿಸದೆ ಕೇಳಿ.